ವಿಮಾನ ವಿದ್ಯೆಯೂ ನಮ್ಮ ಹಳ್ಳಿಯ ಮಕ್ಕಳೂ

— ಸಾಲಿಗ್ರಾಮದ ಒಬ್ಬ ವಿದ್ಯಾರ್ಥಿ, ಅಂತಿಮ ಬಿ.ಎ.

ಹಾರುವ ಹಕ್ಕಿಯನ್ನು ಕಂಡು ತಾನೂ ಹಾರಬೇಕೆಂದು ಬಯಸದ ಜನಾಂಗ ಭೂಮಿಯ ಮೇಲೆ ಇದ್ದಂತೆ ತೋರುವುದಿಲ್ಲ. ನಮ್ಮ ಪೂರ್ವಿಕರು ಆ ಬಯಕೆಯಿಂದಲೇ ಪುಷ್ಪಕವನ್ನು ಕಲ್ಪಿಸಿದರು. ಕವಿಯ ಕಲ್ಪನೆಗೆ ನಮಸ್ಕಾರ. ಆದರೆ ಕಲ್ಪನೆ ಬೇರೆ, ವಿದ್ಯೆ ಬೇರೆ. ಪ್ರಾಚೀನ ಗ್ರಂಥವೆಂದು ಹೆಸರು ಪಡೆದು ಮೈಸೂರಿನಲ್ಲಿಯೇ ಅಚ್ಚಾದ ‘ವೈಮಾನಿಕ ಶಾಸ್ತ್ರ’ವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಪರೀಕ್ಷಿಸಿ, ಅದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ರಚಿತವಾದದ್ದೆಂದೂ, ಅದರಲ್ಲಿ ಹೇಳಿರುವ ಯಂತ್ರಗಳು ಹಾರಲಾರವೆಂದೂ 1974ರಲ್ಲಿ ತೋರಿಸಿಕೊಟ್ಟರು. ಹಾರುವುದನ್ನು ಕಲಿಯಬೇಕಾದವನು ಶಾಲೆಗೇ ಹೋಗಬೇಕು, ಗುರುವಿನ ಪಕ್ಕದಲ್ಲೇ ಕುಳಿತುಕೊಳ್ಳಬೇಕು, ಪರೀಕ್ಷೆಗೇ ಕೂರಬೇಕು. ಆ ಶಾಲೆ ಎಂಥದು, ಅದರ ಬಾಗಿಲು ಎಲ್ಲಿದೆ, ಒಳಗೆ ಹೋಗಲು ಏನೇನು ಬೇಕು ಎಂಬುದೇ ಪ್ರಕೃತ ಲೇಖನದ ವಿಷಯ.

ಕಲಾ ವಿಭಾಗದವನಿಗೆ ವಿಮಾನದ ಗೊಡವೆ ಏಕೆಂದು ಸಹಪಾಠಿಗಳು ಕೇಳಬಹುದು. ಕಾರಣವಿದೆ. ನಮ್ಮ ಮನೆತನದಲ್ಲಿ ಪದವಿ ತರಗತಿಯವರೆಗೆ ಬಂದವನು ನಾನೇ ಮೊದಲಿಗ. ಇಂಥವನಿಗೆ ಊರಿನಲ್ಲಿ ಒಂದು ಅಧಿಕಾರ ತಾನಾಗಿಯೇ ಬಂದುಬಿಡುತ್ತದೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರದಲ್ಲಿ ‘ನೀನು ಕಾಲೇಜಿಗೆ ಹೋಗ್ತೀಯಲ್ಲಪ್ಪ, ನಮ್ಮ ಹುಡುಗನಿಗೆ ಏನು ಓದಿಸೋಣ ಹೇಳು’ ಎಂದು ಕೇಳುವವರು ಒಬ್ಬರಲ್ಲ, ಇಬ್ಬರಲ್ಲ. ಡಾಕ್ಟರ ದಾರಿ, ಮೇಷ್ಟರ ದಾರಿ ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಈಚೆಗೆ ‘ಏವಿಯೇಷನ್’ ಎಂಬ ಮಾತೊಂದು ಬಣ್ಣದ ಜಾಹೀರಾತುಗಳ ಮೂಲಕ ನಮ್ಮ ಕಡೆಗೂ ಬಂದಿದೆ. ಅದರ ಅರ್ಥವನ್ನು ಬಿಡಿಸಿ ಹೇಳುವವರು ಯಾರೂ ಸಿಕ್ಕದೆ ನಾನೇ ಹುಡುಕಿ ಓದಬೇಕಾಯಿತು. ಓದಿ ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೈಸೂರು ಸೀಮೆಗೆ ವಿಮಾನ ಹೊಸದೇನೂ ಅಲ್ಲ. 1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದರು ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದಾಗ ಮೈಸೂರು ಸಂಸ್ಥಾನ 25 ಲಕ್ಷ ರೂಪಾಯಿಗಳನ್ನು ಹೂಡಿ 700 ಎಕರೆ ಭೂಮಿಯನ್ನು ಕೊಟ್ಟಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 1942ರ ಡಿಸೆಂಬರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಡಾ. ವಿ.ಎಂ. ಘಾಟಗೆಯವರೇ ಮುಂದೆ ಕಾರ್ಖಾನೆಯಲ್ಲಿ ಎಚ್.ಟಿ.-2 ಎಂಬ ತರಬೇತಿ ವಿಮಾನವನ್ನು ರೂಪಿಸಿದರು. ಅದು 1951ರಲ್ಲಿ ಮೊದಲು ಹಾರಿತು. 1958ರಲ್ಲಿ ಇಬ್ಬರು ಕೂರುವ ಮತ್ತೊಂದು ಪುಟ್ಟ ವಿಮಾನ ಹೊರಬಂದಿತು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹುಡುಗರಿಗೆ ಹಾರಾಟ ಕಲಿಸುವುದಕ್ಕೆಂದೇ ಮಾಡಿದ ಅದಕ್ಕೆ ಇಟ್ಟ ಹೆಸರು ‘ಪುಷ್ಪಕ’. ಹೀಗೆ ಕವಿಯ ಪುಷ್ಪಕ ಕೊನೆಗೂ ನಮ್ಮ ನಾಡಿನ ಕಾರ್ಖಾನೆಯಿಂದ ಹೊರಟು ಆಕಾಶಕ್ಕೆ ಏರಿತು!

ತರಬೇತಿಗೂ ಸ್ಥಳವಿತ್ತು. ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರಿನಲ್ಲಿ ಸರ್ಕಾರಿ ಹಾರಾಟ ತರಬೇತಿ ಶಾಲೆ 1940ರ ದಶಕದ ಕೊನೆಯಲ್ಲಿಯೇ ಹುಟ್ಟಿತು. ಮೈಸೂರಿನ ಮಂಡಕಳ್ಳಿಯ ನಿಲ್ದಾಣವೂ ಮಹಾರಾಜರ ಕಾಲದ್ದೇ. ಅದನ್ನು ನವೀಕರಿಸಿ 2010ರ ಮೇ ತಿಂಗಳಲ್ಲಿ ಮತ್ತೆ ತೆರೆದರು. 2021ರಲ್ಲಿ ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರವು ಹೊಸ ಹಾರಾಟ ಶಾಲೆಗಳಿಗಾಗಿ ದೇಶದಲ್ಲಿ ಐದು ನಿಲ್ದಾಣಗಳನ್ನು ಆರಿಸಿದಾಗ ಅವುಗಳಲ್ಲಿ ಎರಡು, ಬೆಳಗಾವಿ ಮತ್ತು ಕಲಬುರಗಿ, ನಮ್ಮ ರಾಜ್ಯದವೇ ಆಗಿದ್ದವು. ಆದ್ದರಿಂದ ‘ಅದೆಲ್ಲ ದೂರದ ಮಾತು’ ಎನ್ನುವಂತಿಲ್ಲ. ದೂರ ಇರುವುದು ಮೈಲಿಗಳಲ್ಲಿ ಅಲ್ಲ, ತಿಳಿವಳಿಕೆಯಲ್ಲಿ.

ತಿಳಿಯಬೇಕಾದ ಮೊದಲ ಸಂಗತಿ ಇದು: ‘ಏವಿಯೇಷನ್’ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ವಿದ್ಯೆಗಳಿವೆ. ಒಂದು ವಿಮಾನವನ್ನು ಹಾರಿಸುವ ವಿದ್ಯೆ. ಇನ್ನೊಂದು ವಿಮಾನ ಸಂಚಾರವೆಂಬ ಉದ್ಯಮವನ್ನು ನಡೆಸುವ ವಿದ್ಯೆ. ಬಸ್ಸಿನ ಚಾಲಕನೂ ಡಿಪೋ ವ್ಯವಸ್ಥಾಪಕನೂ ಒಂದೇ ಸಂಸ್ಥೆಯವರಾದರೂ ಒಂದೇ ಕೆಲಸದವರಲ್ಲವಷ್ಟೆ. ಎರಡನೆಯ ಸಂಗತಿ: ಪದವಿಯನ್ನು ವಿಶ್ವವಿದ್ಯಾನಿಲಯ ಕೊಡುತ್ತದೆ, ವಿಮಾನ ಹಾರಿಸುವ ಪರವಾನಗಿಯನ್ನು ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಮಾತ್ರ ಕೊಡುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯ 1934ರಷ್ಟು ಹಿಂದೆಯೇ ತನ್ನದೇ ವಿಮಾನ ನಿಲ್ದಾಣವನ್ನು ಹೊಂದಿ ಹಾರಾಟವನ್ನು ಪಾಠದ ಭಾಗವಾಗಿಸಿತು. ನಮ್ಮಲ್ಲಿ ಸಾಮಾನ್ಯವಾಗಿ ಕಾಲೇಜು ಪದವಿಗೆ ಓದಿಸುತ್ತದೆ, ಮಹಾನಿರ್ದೇಶನಾಲಯದ ಮನ್ನಣೆ ಪಡೆದ ಹಾರಾಟ ಶಾಲೆ ಹಾರಿಸುತ್ತದೆ. ಕೆಲವು ವಿಶ್ವವಿದ್ಯಾನಿಲಯಗಳು ಇವೆರಡನ್ನೂ ಜೋಡಿಸಿವೆ. ಆದರೂ ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಬಂದಂತಾಗದು. ಪದವಿಯಿದ್ದು ಪರವಾನಗಿ ಇಲ್ಲದವನು ವಿಮಾನ ಹಾರಿಸಲಾರ. ಪರವಾನಗಿಗೆ ಪದವಿಯೇ ಬೇಕೆಂಬ ನಿಯಮವೂ ಇಲ್ಲ.

ಈಗ ಮೊದಲನೆಯ ವಿದ್ಯೆಯನ್ನು ನೋಡೋಣ. ಕಲಿಯುವವನಿಗೆ ಕೊಡುವ ವಿದ್ಯಾರ್ಥಿ ಪರವಾನಗಿಗೆ 16 ವರ್ಷ ತುಂಬಿದ್ದರೆ ಸಾಕು. ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದ ವಾಣಿಜ್ಯ ಪರವಾನಗಿಗೆ 18 ವರ್ಷ ತುಂಬಿರಬೇಕು. ವೈದ್ಯಕೀಯ ಪರೀಕ್ಷೆ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ಎರಡನೆಯ ದರ್ಜೆಯದು, ಆಮೇಲೆ ಹೆಚ್ಚು ಕಟ್ಟುನಿಟ್ಟಾದ ಒಂದನೆಯ ದರ್ಜೆಯದು. ಕನ್ನಡಕ ಹಾಕಿದವರಿಗೆ ಪ್ರವೇಶವಿಲ್ಲವೆಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ. ನಾಗರಿಕ ವಿಮಾನಯಾನದಲ್ಲಿ ಹಾಗಿಲ್ಲ. ನಿಗದಿಯಾದ ಮಿತಿಯೊಳಗೆ ಕನ್ನಡಕದಿಂದ ಸರಿಹೋಗುವ ದೃಷ್ಟಿ ಸಾಕು. ಬಣ್ಣಗಳನ್ನು ಗುರುತಿಸುವ ಶಕ್ತಿ ಮಾತ್ರ ಬೇಕೇ ಬೇಕು. ಸಾಲಗೀಲ ಮಾಡುವ ಮುನ್ನ ಈ ವೈದ್ಯಕೀಯ ಪರೀಕ್ಷೆಯನ್ನು ಮುಗಿಸಿಕೊಳ್ಳುವುದು ಜಾಣತನ.

ಬಳಿಕ ನೆಲದ ಮೇಲಿನ ಪಾಠ. ವಾಯುಮಾರ್ಗ ನಿರ್ಣಯ, ಹವಾಮಾನ ಶಾಸ್ತ್ರ, ವಿಮಾನಯಾನ ನಿಯಮಗಳು, ವಿಮಾನ ಮತ್ತು ಎಂಜಿನ್ನಿನ ಸಾಮಾನ್ಯ ತಾಂತ್ರಿಕ ಜ್ಞಾನ, ತಾನು ಹಾರಿಸುವ ವಿಮಾನದ ವಿಶೇಷ ಜ್ಞಾನ ಎಂದು ಪತ್ರಿಕೆಗಳು. ಒಂದೊಂದರಲ್ಲೂ ನೂರಕ್ಕೆ 70 ಅಂಕ ಬರಬೇಕು. ನಮ್ಮ ವಿಶ್ವವಿದ್ಯಾನಿಲಯದ ಪರೀಕ್ಷೆಗಳಲ್ಲಿ 35ಕ್ಕೆ ನಿಟ್ಟುಸಿರುಬಿಡುವ ಮಿತ್ರರು ಇದನ್ನು ಗಮನಿಸಬೇಕು!

ಈ ಪಾಠಗಳ ಹೆಸರು ಕೇಳಿ ಹೆದರಬೇಕಾಗಿಲ್ಲ. ಮಾರ್ಗ ನಿರ್ಣಯದ ಮುಖ್ಯ ಸೂತ್ರವನ್ನು ಕಾವೇರಿ ದಡದ ಅಂಬಿಗನು ಯಾವ ಪುಸ್ತಕವೂ ಇಲ್ಲದೆ ಬಲ್ಲ. ಎದುರು ದಡದ ಮೆಟ್ಟಿಲನ್ನೇ ನೇರವಾಗಿ ಗುರಿಯಿಟ್ಟು ಹುಟ್ಟು ಹಾಕಿದರೆ ನೀರು ಹರಿಗೋಲನ್ನು ಕೆಳಕ್ಕೆ ಒಯ್ಯುತ್ತದೆ. ಆದ್ದರಿಂದ ಅವನು ಮೆಟ್ಟಿಲಿಗಿಂತ ಮೇಲಕ್ಕೆ ಮುಖಮಾಡಿ ಹೊರಡುತ್ತಾನೆ, ಸರಿಯಾಗಿ ಮೆಟ್ಟಿಲಿಗೇ ಬಂದು ಸೇರುತ್ತಾನೆ. ಆಕಾಶದಲ್ಲಿ ಗಾಳಿಯೇ ಹೊಳೆ. ಗಂಟೆಗೆ 100 ನಾಟಿಕಲ್ ಮೈಲಿ ವೇಗದ ವಿಮಾನವೊಂದು ಉತ್ತರಕ್ಕೆ ಹೋಗಬೇಕಾಗಿದೆ, ಪಡುವಣದಿಂದ ಗಂಟೆಗೆ 17 ನಾಟಿಕಲ್ ಮೈಲಿ ವೇಗದ ಗಾಳಿ ಬೀಸುತ್ತಿದೆ ಎನ್ನೋಣ. ಮೂಗನ್ನು ನೇರವಾಗಿ ಉತ್ತರಕ್ಕೇ ಇಟ್ಟರೆ ಒಂದು ಗಂಟೆಯಲ್ಲಿ ಅದು ಸುಮಾರು 31 ಕಿಲೋಮೀಟರ್ ಮೂಡಣಕ್ಕೆ ಸರಿದಿರುತ್ತದೆ. ಎಂದರೆ ಮೈಸೂರಿಗೂ ಶ್ರೀರಂಗಪಟ್ಟಣಕ್ಕೂ ಇರುವ ಅಂತರದ ಹೆಚ್ಚುಕಡಿಮೆ ಎರಡರಷ್ಟು. ಮೂಗನ್ನು ಸುಮಾರು 10 ಡಿಗ್ರಿ ಪಡುವಣಕ್ಕೆ ತಿರುಗಿಸಿಕೊಂಡರೆ ದಾರಿ ಸರಿಹೋಗುತ್ತದೆ. ಈ ಹತ್ತು ಡಿಗ್ರಿಯನ್ನು ಲೆಕ್ಕಹಾಕಲು ತ್ರಿಕೋನಮಿತಿ ಬೇಕು. ಗಣಿತ ಬೇಕೆಂದು ಹೇಳುವುದು ಇದಕ್ಕಾಗಿಯೇ.

ರನ್‌ವೇಯ ತುದಿಯಲ್ಲಿ ಬರೆದಿರುವ ಅಂಕಿಗಳಿಗೂ ಅರ್ಥವಿದೆ. ಮಂಡಕಳ್ಳಿಯ ರನ್‌ವೇಯ ಒಂದು ತುದಿಯಲ್ಲಿ 09, ಇನ್ನೊಂದು ತುದಿಯಲ್ಲಿ 27 ಎಂದಿದೆ. ದಿಕ್ಸೂಚಿಯಲ್ಲಿ 90 ಡಿಗ್ರಿ ಪೂರ್ವ, 270 ಡಿಗ್ರಿ ಪಶ್ಚಿಮ. ಕೊನೆಯ ಸೊನ್ನೆಯನ್ನು ಬಿಟ್ಟು ಬರೆಯುವುದು ರೂಢಿ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಆದ್ದರಿಂದ ಮುಂಗಾರಿನ ಪಡುವಣ ಗಾಳಿ ಬೀಸುವಾಗ ಅದು 27ರ ದಿಕ್ಕಿನಲ್ಲಿ ಪಶ್ಚಿಮಕ್ಕೆ ಮುಖಮಾಡಿ ಏರುತ್ತದೆ. ಎತ್ತರದ ಲೆಕ್ಕವೂ ಉಂಟು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಮೇಲೆ ಹೋದಂತೆ ಗಾಳಿ ತೆಳು. ಬಿಸಿಲಿಗೆ ಇನ್ನೂ ತೆಳು. ತೆಳುವಾದ ಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಹಿಡಿತ ಕಡಿಮೆ. ಆದಕಾರಣ ಮಂಗಳೂರಿನಂಥ ಕರಾವಳಿಯ ಊರಿನಲ್ಲಿ ಸಾಕಾಗುವುದಕ್ಕಿಂತ ಹೆಚ್ಚು ಉದ್ದದ ಓಟ ಬೆಂಗಳೂರಿನ ಬೇಸಿಗೆಯ ಮಧ್ಯಾಹ್ನದಲ್ಲಿ ಅದೇ ವಿಮಾನಕ್ಕೆ ಬೇಕಾಗುತ್ತದೆ. ಭೌತಶಾಸ್ತ್ರ ಬೇಕೆನ್ನುವುದು ಇದಕ್ಕಾಗಿ.

ಇನ್ನು ಭಾಷೆ. ಕನ್ನಡ ಮಾಧ್ಯಮದವರಿಗೆ ಇದೇ ದೊಡ್ಡ ಅಂಜಿಕೆ. ರೇಡಿಯೋ ಸಂಭಾಷಣೆಗೆ ಪ್ರತ್ಯೇಕ ಪರೀಕ್ಷೆ ಇದೆ. ಇಂಗ್ಲಿಷ್ ಪ್ರಾವೀಣ್ಯವನ್ನು ಅಂತರರಾಷ್ಟ್ರೀಯ ನಿಯಮದಂತೆ ಆರು ಮೆಟ್ಟಿಲುಗಳಲ್ಲಿ ಅಳೆದು ನಾಲ್ಕನೆಯ ಮೆಟ್ಟಿಲನ್ನಾದರೂ ಮುಟ್ಟಿರಬೇಕೆನ್ನುತ್ತಾರೆ. ಆದರೆ ಆ ಇಂಗ್ಲಿಷ್ ಷೇಕ್ಸ್‌ಪಿಯರನ ಇಂಗ್ಲಿಷ್ ಅಲ್ಲ. ಅದು ಎಣಿಸಿದಷ್ಟು ವಾಕ್ಯಗಳ, ಸ್ಪಷ್ಟತೆಯೊಂದನ್ನೇ ಬಯಸುವ ಭಾಷೆ. ಗೊಂದಲವಾಗದಿರಲೆಂದು ‘ನೈನ್’ ಎಂಬುದನ್ನು ‘ನೈನರ್’ ಎನ್ನಬೇಕು. ‘ತ್ರೀ’ ಎಂಬುದನ್ನು ‘ಟ್ರೀ’ ಎನ್ನಬೇಕು. ‘ಟ್ರೀ’ ಎಂದುದಕ್ಕೆ ಶಾಲೆಯಲ್ಲಿ ನಗೆಪಾಟಲಾದ ನಮ್ಮ ಹುಡುಗರು ಆಕಾಶದಲ್ಲಿ ಶುದ್ಧ ಉಚ್ಚಾರದವರೆನಿಸಿಕೊಳ್ಳುತ್ತಾರೆ!

ನೆಲದ ಪಾಠದ ಜೊತೆಯಲ್ಲೇ ಹಾರಾಟವೂ ನಡೆಯುತ್ತದೆ. ಮೊದಮೊದಲು ಶಿಕ್ಷಕರು ಪಕ್ಕದಲ್ಲಿರುತ್ತಾರೆ. ಒಂದು ದಿನ ಅವರು ಇಳಿದು, ಶಿಷ್ಯನೊಬ್ಬನನ್ನೇ ಮೇಲಕ್ಕೆ ಕಳಿಸುತ್ತಾರೆ. ಒಟ್ಟು 200 ಗಂಟೆಗಳ ಹಾರಾಟವಾಗಬೇಕು. ಅದರಲ್ಲಿ 100 ಗಂಟೆ ತಾನೇ ಹೊಣೆಗಾರನಾಗಿ ಹಾರಿರಬೇಕು. 20 ಗಂಟೆ ಊರಿಂದೂರಿಗೆ ಹಾರಿರಬೇಕು. ಆ ಪ್ರಯಾಣಗಳಲ್ಲಿ ಒಂದಾದರೂ 300 ನಾಟಿಕಲ್ ಮೈಲಿಗೆ, ಎಂದರೆ ಸುಮಾರು 555 ಕಿಲೋಮೀಟರಿಗೆ, ಕಡಿಮೆಯಿಲ್ಲದೆ, ದಾರಿಯಲ್ಲಿ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು ಏರಿದ್ದಾಗಿರಬೇಕು. ಹೊರಗೆ ನೋಡದೆ ಉಪಕರಣಗಳನ್ನೇ ನಂಬಿ 10 ಗಂಟೆ, ರಾತ್ರಿಯಲ್ಲಿ 5 ಗಂಟೆ. ಇಷ್ಟಾದ ಮೇಲೆ ಪರವಾನಗಿ. ಆದರೂ ದೊಡ್ಡ ಪ್ರಯಾಣಿಕ ವಿಮಾನದ ಬಾಗಿಲು ಆಗಲೂ ತೆರೆಯದು. ಆಯಾ ಜಾತಿಯ ವಿಮಾನಕ್ಕೆ ಪ್ರತ್ಯೇಕ ಅರ್ಹತೆ ಪಡೆಯಬೇಕು. ಕ್ಯಾಪ್ಟನ್ ಎನಿಸಿಕೊಳ್ಳಲು ಬೇಕಾದ ಮೇಲಿನ ಪರವಾನಗಿಗೆ 1,500 ಗಂಟೆಗಳ ಅನುಭವ ಬೇಕು.

ಈ ವಿದ್ಯೆಯಲ್ಲಿ ಕೈಚಳಕಕ್ಕಿಂತಲೂ ದೊಡ್ಡದೊಂದು ಗುಣವನ್ನು ಕಲಿಸುತ್ತಾರೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ರನ್‌ವೇಯನ್ನು ದಾಟಿ ಕಣಿವೆಗೆ ಬಿದ್ದು 158 ಜನ ಮಡಿದರು. ಉಳಿದವರು ಎಂಟೇ ಮಂದಿ. ಇರಬೇಕಾದುದಕ್ಕಿಂತ ಎತ್ತರದಲ್ಲಿಯೂ ವೇಗದಲ್ಲಿಯೂ ವಿಮಾನ ಇಳಿಯುತ್ತಿತ್ತೆಂದೂ, ಇಳಿಸುವುದನ್ನು ಕೈಬಿಟ್ಟು ಮತ್ತೆ ಮೇಲೇರೋಣವೆಂದು ಸಹಚಾಲಕರು ಒಂದಕ್ಕಿಂತ ಹೆಚ್ಚು ಸಲ ಹೇಳಿದರೂ ಹಿರಿಯ ಚಾಲಕರು ಇಳಿಸಲು ಮುಂದಾದರೆಂದೂ ತನಿಖೆಯಿಂದ ತಿಳಿದುಬಂತು. ಹಿರಿಯರಿಗೆ ಎದುರಾಡಬಾರದೆಂದು ನಾವು ಕಲಿತು ಬೆಳೆದಿದ್ದೇವೆ. ವಿಮಾನದ ಮುಂಗೋಣೆಯಲ್ಲಿ ಕಿರಿಯನು ಗೌರವದಿಂದಲೇ ಆದರೂ ‘ಬೇಡ’ ಎಂದು ಹೇಳುವುದನ್ನು ಕಲಿಯಬೇಕು; ಅದಕ್ಕಿಂತ ಹೆಚ್ಚಾಗಿ ಹಿರಿಯನು ಆ ಮಾತನ್ನು ಕೇಳುವುದನ್ನು ಕಲಿಯಬೇಕು. ಇಂದಿನ ವಿಮಾನ ಶಿಕ್ಷಣದಲ್ಲಿ ಇದೊಂದು ಪ್ರತ್ಯೇಕ ಪಾಠವೇ ಆಗಿದೆ. ಈ ಪಾಠ ವಿಮಾನದಿಂದ ಹೊರಗೂ ಉಪಯೋಗಕ್ಕೆ ಬರುವಂಥದು.

ಹಣದ ಮಾತನ್ನು ಮುಚ್ಚಿಡಬಾರದು. ವಾಣಿಜ್ಯ ಪರವಾನಗಿಯ ತರಬೇತಿ ಈಗ 40 ಲಕ್ಷ ರೂಪಾಯಿಗಿಂತ ಕಡಿಮೆಯಲ್ಲಿ ಮುಗಿಯುವುದು ಅಪರೂಪ. ದೊಡ್ಡ ವಿಮಾನದ ಅರ್ಹತೆಗೆ ಅದರ ಮೇಲೆ ಲಕ್ಷಗಟ್ಟಲೆ ಖರ್ಚು. ಕಾಲುವೆ ನೀರಿನ ಎರಡು ಎಕರೆ ಭತ್ತದ ಗದ್ದೆಯನ್ನು ನಂಬಿಕೊಂಡ ಸಂಸಾರಕ್ಕೆ ಇದು ಒಂದು ತಲೆಮಾರಿನ ದುಡಿಮೆ. ಆದರೆ ಎಲ್ಲ ದಾರಿಯೂ ಮುಚ್ಚಿಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರವು ಕೊಡುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಮೊದಲನೆಯ ಗುಂಪಿನಲ್ಲಿ ವಾಣಿಜ್ಯ ವಿಮಾನ ಚಾಲಕ ತರಬೇತಿಯೂ ಸೇರಿದೆ. ಇದು ನಮ್ಮ ಊರುಗಳಲ್ಲಿ ಎಷ್ಟು ಮಂದಿಗೆ ಗೊತ್ತು?

ಇನ್ನೊಂದು ದಾರಿ ವಾಯುಸೇನೆಯದು. ಅಲ್ಲಿ ಸರ್ಕಾರವೇ ಕಲಿಸುತ್ತದೆ, ಸಂಬಳವನ್ನೂ ಕೊಡುತ್ತದೆ. ಪಿ.ಯು.ಸಿ. ಮುಗಿಸಿದವರು ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಗೆ ಕೂರಬಹುದು; 2022ರಿಂದ ಹೆಣ್ಣುಮಕ್ಕಳಿಗೂ ಅಲ್ಲಿ ಪ್ರವೇಶವಿದೆ. ಪದವೀಧರರಿಗೆ ವಾಯುಸೇನೆಯದೇ ಸಾಮಾನ್ಯ ಪ್ರವೇಶ ಪರೀಕ್ಷೆಯಿದೆ. ನಮ್ಮಂಥ ಬಿ.ಎ.ಯವರು ಗಮನಿಸಬೇಕಾದದ್ದು: ಹಾರಾಟ ಶಾಖೆಗೆ ಯಾವ ಪದವಿಯಾದರೂ ಆದೀತು, ಆದರೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು. ಆಡಳಿತ, ಸರಬರಾಜು ಮುಂತಾದ ನೆಲದ ಶಾಖೆಗಳಿಗೆ ಆ ಕಟ್ಟಿಲ್ಲ. ಪದವಿಯಲ್ಲಿ ನೂರಕ್ಕೆ 60 ಅಂಕವಿದ್ದರೆ ಅರ್ಜಿ ಹಾಕಬಹುದು. ಆಯ್ಕೆ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲಿಯೇ ಇದೆ. ದೇಶದ ಮೂಲೆಮೂಲೆಗಳಿಂದ ಹುಡುಗರು ರೈಲು ಹತ್ತಿ ಅಲ್ಲಿಗೆ ಬರುತ್ತಾರೆ. ಅದರ ಪಕ್ಕದಲ್ಲೇ ಇರುವ ನಾವು ಅದರ ಹೆಸರನ್ನೂ ಕೇಳಿರುವುದಿಲ್ಲ.

ಈಗ ಎರಡನೆಯ ವಿದ್ಯೆ, ವಿಮಾನಯಾನದ ನಿರ್ವಹಣೆ. ಇದಕ್ಕೆ ಕಲಾ ವಿಭಾಗದ ಬಾಗಿಲು ಮುಚ್ಚಿಲ್ಲ. ಬೆಂಗಳೂರಿನ ಹಲವು ಕಾಲೇಜುಗಳಲ್ಲಿ ಇದು ಬಿ.ಬಿ.ಎ. ಪದವಿಯಾಗಿದೆ, ಪದವಿಯ ನಂತರ ಎಂ.ಬಿ.ಎ. ಆಗಿಯೂ ಇದನ್ನು ಓದಬಹುದು. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ 2013ರ ಕಾಯಿದೆಯಂತೆ ಸ್ಥಾಪಿತವಾದ ರಾಜೀವ್ ಗಾಂಧಿ ರಾಷ್ಟ್ರೀಯ ವಿಮಾನಯಾನ ವಿಶ್ವವಿದ್ಯಾನಿಲಯ ಈ ವಿಷಯಕ್ಕೇ ಮೀಸಲಾದದ್ದು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಂಬ ನನ್ನ ಮೂರು ವಿಷಯಗಳೂ ಇದರಲ್ಲಿ ಕೆಲಸಕ್ಕೆ ಬರುತ್ತವೆಂದು ತಿಳಿದು ನನಗೆ ಸಂತೋಷವಾಯಿತು.

ರಾಜ್ಯಶಾಸ್ತ್ರವನ್ನೇ ತೆಗೆದುಕೊಳ್ಳಿ. ಆಕಾಶ ಯಾರದು? ಎರಡನೆಯ ಮಹಾಯುದ್ಧ ಇನ್ನೂ ಮುಗಿಯದಿದ್ದಾಗಲೇ, 1944ರ ಡಿಸೆಂಬರ್ 7ರಂದು, ಷಿಕಾಗೋದಲ್ಲಿ 52 ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದಲ್ಲಿ ಪೂರ್ಣ ಸಾರ್ವಭೌಮತ್ವವಿದೆ ಎಂಬುದು ಅದರ ಮೊದಲ ವಿಧಿ. ಅದರಿಂದಲೇ 1947ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಹುಟ್ಟಿತು. ನಮ್ಮ ದೇಶದಲ್ಲಿಯೂ 1934ರ ಬ್ರಿಟಿಷರ ಕಾಲದ ಕಾಯಿದೆ ಹೋಗಿ, ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದಿದೆ.

ಅರ್ಥಶಾಸ್ತ್ರದ ಪಾಠ ಇನ್ನೂ ಸ್ವಾರಸ್ಯದ್ದು. ಖಾಲಿ ಆಸನವೆಂಬುದು ಮೈಸೂರು ಮಲ್ಲಿಗೆಯ ಹಾಗೆ. ಸಂಜೆಯೊಳಗೆ ಮಾರದಿದ್ದರೆ ಮಾರನೆಯ ದಿನಕ್ಕೆ ಬೆಲೆಯಿಲ್ಲ. ವಿಮಾನ ಏರಿದ ಕ್ಷಣವೇ ಅದರ ಬೆಲೆ ಸೊನ್ನೆ. 70 ಆಸನಗಳ ವಿಮಾನದಲ್ಲಿ 42 ತುಂಬಿದರೆ ನೂರಕ್ಕೆ 60 ಭರ್ತಿ. ಇಂಧನ, ಸಂಬಳ, ನಿಲ್ದಾಣದ ಶುಲ್ಕಗಳು 42 ಜನರಿಗೂ ಹೆಚ್ಚುಕಡಿಮೆ 70 ಜನರಿಗಾಗುವಷ್ಟೇ. ಎಷ್ಟು ಆಸನ, ಯಾವ ದಿನ, ಎಷ್ಟು ಬೆಲೆಗೆ ಎಂಬ ಲೆಕ್ಕದಲ್ಲಿಯೇ ಕಂಪನಿಯ ಅಳಿವು ಉಳಿವು. ಮೈಸೂರಿನ ನಿಲ್ದಾಣವೇ ಇದಕ್ಕೆ ಉದಾಹರಣೆ. 2010ರಲ್ಲಿ ಅದರ ರನ್‌ವೇ 1,740 ಮೀಟರ್ ಉದ್ದವಿತ್ತು. ಅದು ಪಂಖದ ಸಣ್ಣ ವಿಮಾನಗಳಿಗೆ ಸಾಕಾಗುವಂಥದು. ದೊಡ್ಡ ಜೆಟ್ ವಿಮಾನಗಳಿಗೆ ಸಾಲದು. ಕಂಪನಿಗಳು ಬಂದವು, ಕೆಲವು ಹೆಚ್ಚು ಕಾಲ ನಿಲ್ಲಲಿಲ್ಲ. 2017ರ ಏಪ್ರಿಲಿನಲ್ಲಿ ಹಾರಾಟ ತೊಡಗಿದ ‘ಉಡಾನ್’ ಯೋಜನೆಯಲ್ಲಿ ಒಂದು ಗಂಟೆಯ ಪ್ರಯಾಣಕ್ಕೆ ಸುಮಾರು 2,500 ರೂಪಾಯಿ ಮಿತಿಯಿಟ್ಟು, ಕಂಪನಿಯ ನಷ್ಟವನ್ನು ಮೂರು ವರ್ಷ ಸರ್ಕಾರ ತುಂಬಿಕೊಡುವ ಏರ್ಪಾಡಾಯಿತು. ಅನಂತರ ಮಾರ್ಗವು ತನ್ನ ಕಾಲ ಮೇಲೆ ತಾನು ನಿಲ್ಲಬೇಕು. 2023ರ ಮಾರ್ಚಿನಲ್ಲಿ ಬೆಂಗಳೂರಿಗೆ ಹೊಸ ಹೆದ್ದಾರಿ ತೆರೆದ ಮೇಲೆ ಅಲ್ಲಿಗೆ ವಿಮಾನದಲ್ಲಿ ಹೋಗುವವರಾರು? ಯಾವ ಊರಿಗೆ ಹಾರಿಸಿದರೆ ಮೈಸೂರಿನ ವಿಮಾನ ತುಂಬೀತು? ಇದು ಚಾಲಕನು ಉತ್ತರಿಸುವ ಪ್ರಶ್ನೆಯಲ್ಲ. ನಿರ್ವಹಣೆಯ ವಿದ್ಯಾರ್ಥಿ ಉತ್ತರಿಸಬೇಕಾದದ್ದು.

ಈ ಪ್ರಶ್ನೆಗೆ ಧೈರ್ಯದಿಂದ ಉತ್ತರ ಹುಡುಕಿದವರು ನಮ್ಮ ಪಕ್ಕದ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥರು. ಮೇಷ್ಟರ ಮಗ, ಕನ್ನಡ ಶಾಲೆಯಲ್ಲಿ ಓದಿದವರು, ಸೈನ್ಯದಲ್ಲಿದ್ದು ಬಂದು ಬೇಸಾಯ ಮಾಡಿದವರು. ಅವರು 2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ಮೊದಲ ವಿಮಾನ ಹಾರಿದ್ದು ಬೆಂಗಳೂರಿನಿಂದ ಹುಬ್ಬಳ್ಳಿಗೆ. ದಿಲ್ಲಿ, ಮುಂಬಯಿಗಳನ್ನು ಬಿಟ್ಟು ಸಣ್ಣ ಊರುಗಳ ಸಾಮಾನ್ಯ ಜನರನ್ನು ನಂಬಿದ ಲೆಕ್ಕಾಚಾರ ಅದು. ಕೆಲವೇ ವರ್ಷಗಳಲ್ಲಿ ಕಂಪನಿ ಕೈಬದಲಾಯಿತು; ಆದರೆ ಅಗ್ಗದ ದರದ ಪ್ರಯಾಣವೆಂಬ ವಿಚಾರ ದೇಶದಲ್ಲಿ ಉಳಿಯಿತು. ಗೊರೂರು ಹೇಮಾವತಿಯ ದಡದಲ್ಲಿದೆ. ನಮ್ಮ ಸಾಲಿಗ್ರಾಮದಿಂದ ದೂರವೇನೂ ಅಲ್ಲ.

ಎರಡು ವಿದ್ಯೆಗಳ ವ್ಯತ್ಯಾಸ ತಿಳಿಯದಿದ್ದರೆ ಏನಾಗುತ್ತದೆಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನಮ್ಮ ಕಡೆಯ ಹುಡುಗನೊಬ್ಬನನ್ನು ಅವನ ಮನೆಯವರು ನಗರದ ಒಂದು ಖಾಸಗಿ ಸಂಸ್ಥೆಗೆ ಸೇರಿಸಿದರು. ಜಾಹೀರಾತಿನ ತುಂಬ ವಿಮಾನದ ಚಿತ್ರ, ಟೋಪಿ ಧರಿಸಿದ ಚಾಲಕನ ಚಿತ್ರ. ಮಗ ಪೈಲಟ್ ಆಗುತ್ತಾನೆಂದು ತಾಯಿ ಒಡವೆಯನ್ನು ಅಡವಿಟ್ಟರು. ವರ್ಷ ಮುಗಿದಾಗ ಕೈಗೆ ಬಂದದ್ದು ನಿಲ್ದಾಣದ ನೆಲದ ಕೆಲಸಕ್ಕೆ ಸಂಬಂಧಿಸಿದ ಒಂದು ಸರ್ಟಿಫಿಕೇಟು. ಆ ಕೆಲಸದಲ್ಲಿ ಕೀಳೆಂಬುದೇನೂ ಇಲ್ಲ. ಆದರೆ ಅದಕ್ಕೆ ಅಷ್ಟು ಹಣ ಬೇಕಾಗಿರಲಿಲ್ಲ, ಅಂಥ ಭ್ರಮೆಯೂ ಬೇಕಾಗಿರಲಿಲ್ಲ. ಆದ್ದರಿಂದ ಸೇರುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು. ಕೊನೆಯಲ್ಲಿ ಕೈಗೆ ಬರುವುದು ಪದವಿಯೋ, ಸರ್ಟಿಫಿಕೇಟೋ, ಪರವಾನಗಿಯೋ? ಪದವಿಯಾದರೆ ಯಾವ ವಿಶ್ವವಿದ್ಯಾನಿಲಯದ್ದು? ಹಾರಾಟ ಶಾಲೆಯಾದರೆ ಮಹಾನಿರ್ದೇಶನಾಲಯದ ಮನ್ನಣೆ ಪಡೆದ ಪಟ್ಟಿಯಲ್ಲಿ ಅದರ ಹೆಸರಿದೆಯೇ? ಹಾರಲು ಸಿದ್ಧವಾಗಿರುವ ವಿಮಾನಗಳೆಷ್ಟು, ಅವಕ್ಕೆ ವಿದ್ಯಾರ್ಥಿಗಳೆಷ್ಟು? 200 ಗಂಟೆ ಮುಗಿಯಲು ಈಚಿನವರಿಗೆ ಎಷ್ಟು ತಿಂಗಳು ಹಿಡಿಯಿತು? ಈ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೊಡದವರಿಗೆ ಹಣವನ್ನೂ ಕೊಡಬೇಕಾಗಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನನಗೆ ಮನದಟ್ಟಾದ ಸಂಗತಿಯೊಂದಿದೆ. ಆಕಾಶದ ಬಾಗಿಲು ಜಕ್ಕೂರಿನಲ್ಲಿಲ್ಲ, ಮಂಡಕಳ್ಳಿಯಲ್ಲಿಯೂ ಇಲ್ಲ. ಅದು ಇರುವುದು ಪಿ.ಯು. ಕಾಲೇಜಿನಲ್ಲಿ ಪ್ರವೇಶದ ಅರ್ಜಿಯನ್ನು ತುಂಬುವ ಮೇಜಿನ ಮೇಲೆ. ವಾಣಿಜ್ಯ ಚಾಲಕನಾಗಲು ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರವೂ ಗಣಿತವೂ ಬೇಕೆಂಬುದು ದೀರ್ಘಕಾಲದಿಂದ ನಡೆದುಬಂದ ನಿಯಮ. ನಿಲ್ದಾಣದ ಗೋಪುರದಲ್ಲಿ ಕುಳಿತು ಸಂಚಾರ ನಿಯಂತ್ರಿಸುವ ಹುದ್ದೆಗೂ ಆ ಎರಡು ವಿಷಯಗಳನ್ನು ಓದಿದ ಬಿ.ಎಸ್‌ಸಿ. ಅಥವಾ ಎಂಜಿನಿಯರಿಂಗ್ ಪದವಿ ಬೇಕು. ಹದಿನಾರನೆಯ ವಯಸ್ಸಿನಲ್ಲಿ, ಹತ್ತಿರದ ಕಾಲೇಜಿನಲ್ಲಿ ವಿಜ್ಞಾನವಿಲ್ಲವೆಂದೋ, ಮನೆಪಾಠಕ್ಕೆ ದುಡ್ಡಿಲ್ಲವೆಂದೋ, ಗೆಳೆಯರೆಲ್ಲ ಅಲ್ಲಿಗೇ ಹೋದರೆಂದೋ ನಮ್ಮ ಮಕ್ಕಳು ಕಲಾ ವಿಭಾಗಕ್ಕೆ ಸೇರುತ್ತಾರೆ. ಆ ಒಂದು ಗುರುತಿನಿಂದ ಯಾವ ಯಾವ ಬಾಗಿಲು ಮುಚ್ಚಿತೆಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಕಲೆಯನ್ನು ಓದುವುದು ಹೆಮ್ಮೆಯ ವಿಷಯವೇ. ತಿಳಿದು ಓದಿದರೆ ಹೆಮ್ಮೆ ಇಮ್ಮಡಿಯಾಗುತ್ತದೆ.

ಮುಚ್ಚಿದ ಬಾಗಿಲಿಗೂ ಒಂದು ಕಿಂಡಿಯುಂಟು. ಬೇರೆ ವಿಭಾಗದಲ್ಲಿ ಪಿ.ಯು.ಸಿ. ಮುಗಿಸಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಭೌತಶಾಸ್ತ್ರ, ಗಣಿತಗಳೆರಡನ್ನೇ ಓದಿ ತೇರ್ಗಡೆಯಾಗಬಹುದು. ಈ ನಿಯಮವನ್ನೇ ಸಡಿಲಿಸಿ ಎಲ್ಲ ವಿಭಾಗದವರಿಗೂ ಅವಕಾಶ ಕೊಡುವ ಆಲೋಚನೆಯಿದೆಯೆಂದು 2025ರಲ್ಲಿ ಪತ್ರಿಕೆಗಳು ವರದಿಮಾಡಿದವು. ಆದ್ದರಿಂದ ಸೇರಬಯಸುವವರು ಆಯಾ ವರ್ಷದ ನಿಯಮವನ್ನು ಮಹಾನಿರ್ದೇಶನಾಲಯದ ಪ್ರಕಟಣೆಯಲ್ಲಿಯೇ ನೋಡಿಕೊಳ್ಳತಕ್ಕದ್ದು. ನಿಯಮ ಸಡಿಲವಾದರೂ ಹರಿಗೋಲಿನ ಲೆಕ್ಕವಂತೂ ಸಡಿಲವಾಗದು. ಗಾಳಿ ಯಾರ ಸರ್ಟಿಫಿಕೇಟನ್ನೂ ನೋಡುವುದಿಲ್ಲ.

ನನ್ನ ತಂಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಸಂಗಡಿಗರಾದ ಮಹಿಳಾ ಚಾಲಕರು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು ಸುಮಾರು 16,000 ಕಿಲೋಮೀಟರ್ ಹಾರಿ ಬೆಂಗಳೂರಿನಲ್ಲಿ ಇಳಿದರೆಂಬುದನ್ನು ಅವಳು ಬಲ್ಲಳು. ಪೈಲಟ್ ಆಗುತ್ತೇನೆ ಎನ್ನುತ್ತಾಳೆ. ಆಗುತ್ತಾಳೋ ಇಲ್ಲವೋ ಹೇಳಲಾರೆ. ಹಣದ ಬೆಟ್ಟ ಎದುರಿಗಿದೆ. ಹೆಣ್ಣುಮಗಳನ್ನು ದಿನವೂ ಬಸ್ಸಿನಲ್ಲಿ ದೂರದ ಕಾಲೇಜಿಗೆ ಕಳಿಸುವುದೇಕೆ, ಹತ್ತಿರದಲ್ಲೇ ಸಿಕ್ಕಿದ್ದನ್ನು ಓದಲಿ ಎನ್ನುವವರು ಮನೆಯಲ್ಲಿದ್ದಾರೆ. ಅವಳು ವಿಜ್ಞಾನ ತೆಗೆದುಕೊಳ್ಳಲಿ ಎಂದು ನಾನು ತಂದೆಯವರಲ್ಲಿ ವಾದಿಸುತ್ತಿದ್ದೇನೆ. ಅವಳು ಮುಂದೆ ಮನಸ್ಸು ಬದಲಿಸಿ ಬೇರೇನಾದರೂ ಆಗಬಹುದು. ಆದರೆ ಅದು ಅವಳೇ ಬದಲಿಸಿದ ಮನಸ್ಸಾಗಿರಬೇಕು, ಯಾರೂ ತಿಳಿಸದೆ ಹೋದದ್ದರ ಫಲವಾಗಿರಬಾರದು.

ನಮ್ಮ ಕಾಲೇಜಿನಲ್ಲಿ ನನ್ನಂತೆಯೇ ಮನೆಗೆ ಮೊದಲ ಪದವೀಧರರಾಗುವವರು ಹಲವರಿದ್ದಾರೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆಯಿಂದ ಬಂದ ಗೆಳೆಯರನ್ನೂ ಊರಿನಲ್ಲಿ ಜನ ನನ್ನನ್ನು ಕೇಳುವಂತೆಯೇ ಕೇಳುತ್ತಾರೆಂದು ಬಲ್ಲೆ. ನಾವು ಪ್ರತಿಯೊಬ್ಬರೂ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಹಳೆಯ ಪ್ರೌಢಶಾಲೆಯಲ್ಲಿ ಒಂದು ಗಂಟೆ ಕುಳಿತು, ಯಾವ ವಿಷಯ ಯಾವ ಬಾಗಿಲನ್ನು ತೆರೆಯುತ್ತದೆಂದು ಹತ್ತನೆಯ ತರಗತಿ ಮುಗಿಸಿದ ಮಕ್ಕಳಿಗೂ ಅವರ ತಂದೆತಾಯಿಯರಿಗೂ ತಿಳಿಸಿದರೆ ಸಾಕು. ಅಧ್ಯಾಪಕ ವರ್ಗದವರು ಇದಕ್ಕೆ ಮಾರ್ಗದರ್ಶನ ಮಾಡಿ, ವಿವಿಧ ವಿದ್ಯೆಗಳ ಇಂಥ ವಿವರಗಳನ್ನು ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿಯಾಗಿ ಸಿದ್ಧಪಡಿಸಿ ಕೊಟ್ಟರೆ ಇನ್ನೂ ಒಳಿತು. ಅದಕ್ಕೆ ಬೇಕಾಗುವ ಕಾಗದದ ಖರ್ಚು ಹೆಚ್ಚಿನದಲ್ಲ. ಈ ವರ್ಷದ ಫಲಿತಾಂಶ ಬರುವುದಕ್ಕೆ ಮುಂಚೆಯೇ ಆ ಕೆಲಸ ಆಗಲೆಂದು ಕೋರುತ್ತೇನೆ.